ಅಳಿಸಲಾಗದ ಗಳಿಗೆ

ಪುಸ್ತಕಗಳ ಮುಖಪುಟ ಮತ್ತು ಪುಟವಿನ್ಯಾಸ ನನ್ನ ಕೆಲಸ. ಈಚಿನ ಕೆಲವು ವರ್ಷಗಳಿಂದ ಆಡಿಯೊ ಪುಸ್ತಕಗಳ ಧ್ವನಿ ಸಂಕಲನವನ್ನೂ ಮಾಡುತ್ತಿದ್ದೇನೆ. ಎರಡನ್ನೂ ಒಂದೇ ಕಂಪ್ಯೂಟರಿನ ಮುಂದೆ ಕುಳಿತು ಮಾಡುವುದರಿಂದ ಎರಡರ ಬಗೆಯೂ ಒಂದೇ ಎಂದು ನಂಬಿದ್ದೆ. ಆ ನಂಬಿಕೆ ಮುರಿದದ್ದು ಒಂದು ಕಥಾಸಂಕಲನದಿಂದ.

ಹಿಂಬದಿಯ ರಕ್ಷಾಪುಟಕ್ಕೆ ಕಡುಗಪ್ಪು ಹಿನ್ನೆಲೆ, ಅದರ ಮೇಲೆ ಬಿಳಿಯ ಸಣ್ಣ ಅಕ್ಷರಗಳಲ್ಲಿ ಬೆನ್ನುಡಿ. ಕಪ್ಪು ಇನ್ನಷ್ಟು ದಟ್ಟವಾಗಲೆಂದು ನಾಲ್ಕೂ ಶಾಯಿಗಳನ್ನು ಬೆರೆಸಿದ್ದೆ. ಪರದೆಯ ಮೇಲೆ ಒಂದೊಂದು ಅಕ್ಷರವೂ ಕೆತ್ತಿಟ್ಟಂತೆ ಕಾಣುತ್ತಿತ್ತು. ಆದರೆ ಆಫ್‌ಸೆಟ್ ಮುದ್ರಣದಲ್ಲಿ ಸಯಾನ್, ಮಜೆಂಟಾ, ಹಳದಿ, ಕಪ್ಪು ಪ್ರತಿಯೊಂದಕ್ಕೂ ಬೇರೆ ಬೇರೆ ಪ್ಲೇಟು. ಕಾಗದ ಕೂದಲೆಳೆಯಷ್ಟು ಸರಿದರೂ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ಬಿಳಿ ಅಕ್ಷರವೆಂದರೆ ಶಾಯಿ ತಾಗದೆ ಉಳಿದ ಕಾಗದ ತಾನೆ? ಸುತ್ತಲಿನ ಬಣ್ಣ ಅದರೊಳಗೆ ಜರುಗಿತು; ಮೊದಲು ನುಂಗಿದ್ದು ಒತ್ತಕ್ಷರಗಳನ್ನು. ‘ಕತ್ತಲೆ’ ಎಂಬುದು ‘ಕತಲೆ’ ಎಂದು ಕಾಣುತ್ತಿತ್ತು. ಅಷ್ಟರಲ್ಲಿ 1000 ಪ್ರತಿಗಳು ಅಚ್ಚಾಗಿದ್ದವು. ಲೇಖಕಿಗೆ ಅದು ಮೊದಲ ಪುಸ್ತಕ. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, “ಪರವಾಗಿಲ್ಲ ಬಿಡಿ” ಎಂದರು. ಆ ಮಾತು ಇವತ್ತಿಗೂ ನನ್ನನ್ನು ನೋಯಿಸುತ್ತದೆ.

ಅದೇ ಪುಸ್ತಕ ಆಡಿಯೊ ಆಗುವಾಗ, ಓದಿನ ನಡುವಿನ ಉಸಿರುಗಳನ್ನೆಲ್ಲ ಕತ್ತರಿಸಿ ಹಾಕಿದೆ. ಪುಸ್ತಕಕ್ಕೆ ಧ್ವನಿ ಕೊಟ್ಟವರು ಕೇಳಿ, “ಇದರಲ್ಲಿ ನಾನು ಇಲ್ಲವೇ ಇಲ್ಲವಲ್ಲ” ಎಂದರು. ಮೂಲ ಕಡತ ಹಾಗೆಯೇ ಇತ್ತು. ಉಸಿರುಗಳನ್ನು ಮರಳಿ ತರುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಬಿಟ್ಟುಹೋಗಿದ್ದ ಎರಡು ಸಾಲು. ವಾರದ ನಂತರ ಅವನ್ನು ಓದಿಸಿ ಸೇರಿಸಿದರೆ ಗಂಟಲಿನ ಹದ, ಮೈಕಿನ ದೂರ, ಕೋಣೆಯ ಮೌನ ಯಾವುದೂ ಹೊಂದಲಿಲ್ಲ. ಪುಸ್ತಕದಲ್ಲಿ ಅಳಿಸಲಾಗದ ಗಳಿಗೆ ಎಲ್ಲ ಮುಗಿದ ಮೇಲೆ, ಪ್ಲೇಟಿನೊಂದಿಗೆ ಬರುತ್ತದೆ. ಧ್ವನಿಯಲ್ಲಿ ಅದು ಮೊದಲ ದಿನವೇ, ಮೈಕಿನ ಮುಂದೆಯೇ ಬಂದು ಹೋಗಿರುತ್ತದೆ. ನಾನು ಎರಡು ಕಡೆಯೂ ತಪ್ಪು ಜಾಗದಲ್ಲಿ ಎಚ್ಚರದಿಂದಿದ್ದೆ.

ಧಾರವಾಡದಲ್ಲಿ ಕಸೂತಿ ಹಾಕುವ ಒಬ್ಬ ಅಮ್ಮನ ಪಕ್ಕ ಕುಳಿತು ನೋಡಿದಾಗ ಇದು ಇನ್ನೂ ಸ್ಪಷ್ಟವಾಯಿತು. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿಯೇ ಹೊಲಿಗೆ. ಗವಂತಿ ಎಂಬ ಹೊಲಿಗೆಯಲ್ಲಿ ಸೂಜಿ ಒಂದೊಂದು ಅಂತರ ಬಿಟ್ಟು ಹೋಗುತ್ತದೆ, ಅದೇ ದಾರಿಯಲ್ಲಿ ಹಿಂತಿರುಗುತ್ತ ಆ ಖಾಲಿಗಳನ್ನು ತುಂಬುತ್ತದೆ. ಗಂಟು ಹಾಕುವಂತಿಲ್ಲ, ಎರಡೂ ಬದಿ ಒಂದೇ ತರಹ ಕಾಣಬೇಕು. ಹಾಗಾಗಿ ಹೊರಡುವಾಗಲೇ ಮರಳುವ ದಾರಿ ಮನಸ್ಸಿನಲ್ಲಿ ಇರಬೇಕು. ಗೋಪುರ, ತೇರು, ನವಿಲು ಎಲ್ಲವೂ ಅವರ ಎಣಿಕೆಯಲ್ಲಿಯೇ ಇದ್ದವು. ಒಂದು ಎಳೆ ತಪ್ಪಿದಾಗ ಅವರು ಬೇಸರಿಸದೆ ಸೂಜಿ ಹಿಂದೆ ತೆಗೆದು ದಾರ ಬಿಚ್ಚಿದರು. ನಾನು ಅಷ್ಟು ತಾಳ್ಮೆಯಿಂದ ಏನನ್ನೂ ಬಿಚ್ಚಿದ್ದಿಲ್ಲ.

ಈಗ ಧ್ವನಿಮುದ್ರಣಕ್ಕೆ ಮುಂಚೆ ಓದುವವರ ಜೊತೆ ಇಡೀ ಪಠ್ಯವನ್ನು ಗಟ್ಟಿಯಾಗಿ ಓದುತ್ತೇನೆ, ಯಾರೂ ಮಾತಾಡದ ಕೋಣೆಯ ಸದ್ದನ್ನೂ ಪ್ರತ್ಯೇಕವಾಗಿ ಹಿಡಿದಿಡುತ್ತೇನೆ. ಸಣ್ಣ ಬಿಳಿ ಅಕ್ಷರಗಳ ಹಿಂದೆ ಕಪ್ಪು ಶಾಯಿ ಒಂದೇ. ಆ ಕಥಾಸಂಕಲನದ ಎರಡನೆಯ ಮುದ್ರಣಕ್ಕೆ ನಾನೇ ಅಚ್ಚಿನ ಮನೆಗೆ ಹೋದೆ. ‘ಕತ್ತಲೆ’ಯ ಒತ್ತನ್ನು ಭೂತಗನ್ನಡಿ ಹಿಡಿದು ನೋಡಿದ ಮೇಲೆಯೇ ಯಂತ್ರ ಓಡಿಸಲು ಹೇಳಿದೆ.