ನ್ಯೂರೆಂಬರ್ಗ್ ಕೋಟೆಯ ಬಾವಿಯೂ ನರಗುಂದದ ಅಪ್ಪನೂ

ಜರ್ಮನಿಯ ನ್ಯೂರೆಂಬರ್ಗಿನ ಹಳೇ ಪೇಟೆಯೊಳಗೆ ಓಡಾಡುವಾಗ ಉತ್ತರಕ್ಕೆ ತಲೆಯೆತ್ತಿದರೆ ಸಾಕು, ಗುಡ್ಡದ ಮೇಲೆ ಕೈಸರ್‌ಬುರ್ಗ್ ಕೋಟೆ ಕಾಣುತ್ತದೆ. ನಾವಿರುವುದು ಪಕ್ಕದ ಎರ್ಲಾಂಗೆನ್‌ನಲ್ಲಿ. ಊರಿಂದ ಯಾರೇ ಬರಲಿ, ಮೊದಲು ಕರೆದುಕೊಂಡು ಹೋಗುವುದು ಇಲ್ಲಿಗೇ. ಹುಬ್ಬಳ್ಳಿ-ಧಾರವಾಡದ ಗೆಳತಿಯರೆಲ್ಲ ಗುಂಡು ಗೋಪುರ ಹತ್ತಿ ಕೆಂಪು ಹಂಚಿನ ಚಾವಣಿಗಳ ಫೋಟೋ ತೆಗೆದು, ಕೆಳಗಿಳಿದು ಕಾಫಿ ಕುಡಿದು ಹೋಗಿದ್ದಾರೆ. ನರಗುಂದದಿಂದ ಬಂದ ಅಪ್ಪ ಮಾತ್ರ ಗೋಪುರದ ಕಡೆ ಅಷ್ಟಾಗಿ ನೋಡಲಿಲ್ಲ. ಬಾಗಿಲು ದಾಟಿ ಅಂಗಳಕ್ಕೆ ಬಂದವನೇ, "ಇಷ್ಟ ಎತ್ತರದಾಗ ಇಷ್ಟ ಮಂದಿಗೆ ನೀರ ಎಲ್ಲಿಂದ ತರತಿದ್ರವಾ?" ಅಂತ ಕೇಳಿದ.

ಕೇಳುವುದು ಸಹಜವೇ. 1980ರ ರೈತ ಬಂಡಾಯ ಕಂಡ ಊರು ಅದು, ಮಹದಾಯಿಗಾಗಿ 2015ರಿಂದ ಧರಣಿ ಕುಳಿತ ಊರು. ಎರಿ ಹೊಲದಲ್ಲಿ ಬೋರ್ ಹೊಡೆಸಿ ಸವಳು ನೀರು ಕಂಡವರಿಗೆ ಎಲ್ಲಿ ಹೋದರೂ ಮೊದಲು ಕಣ್ಣಿಗೆ ಬೀಳುವುದು ನೀರೇ. ನಾನಾದರೂ ನಲ್ಲಿಯಲ್ಲಿ ನೀರು ಬರುವ ದಿನವನ್ನು ಕ್ಯಾಲೆಂಡರ್ ಮೇಲೆ ಗುರುತು ಹಾಕಿಕೊಂಡು, ಧಾರವಾಡದಲ್ಲಿ ಡ್ರಮ್ಮು-ಬಿಂದಿಗೆ ತುಂಬಿಡುತ್ತ ಬೆಳೆದವಳು.

ಇತಿಹಾಸ ಹೇಳುತ್ತ ಹೋದರೆ ದಿನ ಸಾಲದು. ನ್ಯೂರೆಂಬರ್ಗ್ ಎಂಬ ಹೆಸರು ಮೊದಲು ಸಿಗುವುದು 1050ರ ದಸ್ತಾವೇಜಿನಲ್ಲಿ. ಆಗ ಇಲ್ಲಿ ಆಳುತ್ತಿದ್ದ ಪವಿತ್ರ ರೋಮನ್ ಸಾಮ್ರಾಜ್ಯಕ್ಕೆ ಕಾಯಂ ರಾಜಧಾನಿ ಅಂತ ಇರಲಿಲ್ಲ. ಚಕ್ರವರ್ತಿ ಪರಿವಾರ ಕಟ್ಟಿಕೊಂಡು ಊರೂರು ತಿರುಗುತ್ತ ಆಳುತ್ತಿದ್ದ, ಹಾಗೆ ಬಂದಾಗ ತಂಗುವ ಜಾಗಗಳಲ್ಲಿ ಇದೂ ಒಂದು. ಹೊಸದಾಗಿ ಆಯ್ಕೆಯಾದ ದೊರೆ ತನ್ನ ಮೊದಲ ಸಭೆಯನ್ನು ನ್ಯೂರೆಂಬರ್ಗಿನಲ್ಲೇ ಕರೆಯಬೇಕು ಎಂದು 1356ರ 'ಗೋಲ್ಡನ್ ಬುಲ್' ಶಾಸನ ಕಟ್ಟಳೆ ಮಾಡಿತು. ಒಳಗೆ ಒಂದರ ಮೇಲೊಂದು ಕಟ್ಟಿದ ಜೋಡಿ ಪ್ರಾರ್ಥನಾ ಮಂದಿರವಿದೆ. ಮೇಲಿನದು ದೊರೆಗೆ, ಕೆಳಗಿನದು ಉಳಿದವರಿಗೆ. ನಡುವೆ ಚೌಕಾಕಾರದ ತೆರವು ಬಿಟ್ಟಿದ್ದಾರೆ, ಮೇಲಿನ ಮಂತ್ರ ಕೆಳಗೂ ಕೇಳಲಿ ಅಂತ. "ಹಂಗಾರ ಇಲ್ಲೂ ಮ್ಯಾಲಿನವರು ಕೆಳಗಿನವರು ಅಂತ ಐತಿ ಅಂದಂಗಾತು," ಅಂದ ಅಪ್ಪ.

ಅವ್ವನಿಗೆ ಹಿಡಿಸಿದ್ದು ಲುಗಿನ್ಸ್‌ಲಾಂಡ್ ಅನ್ನುವ ಚೌಕದ ಗೋಪುರದ ಕಥೆ. ಇದೇ ಗುಡ್ಡದ ಮೇಲೆ ಬುರ್ಗ್‌ಗ್ರಾಫ್ ಎಂಬ ಅಧಿಕಾರಿಗಳದೂ ಒಂದು ಕೋಟೆ ಇತ್ತು. ಅವರಿಗೂ ಊರ ಸಭೆಯವರಿಗೂ ಎಣ್ಣೆ-ಸೀಗೆಕಾಯಿ. ಅವರ ಅಂಗಳದಲ್ಲಿ ಏನು ನಡೆದಿದೆ ಎಂದು ಇಣುಕಿ ನೋಡುವುದಕ್ಕೇ ಊರಿನವರು 1377ರಲ್ಲಿ ಈ ಗೋಪುರ ಎಬ್ಬಿಸಿದರು. ಆ ಕೋಟೆ 1420ರಲ್ಲಿ ಸುಟ್ಟುಹೋಯಿತು; 1427ರಲ್ಲಿ ಅದರ ಅವಶೇಷವನ್ನು ಊರಿನವರೇ ಕೊಂಡರು. "ನಮ್ಮ ಓಣ್ಯಾಗ ಇಷ್ಟ ಖರ್ಚ ಮಾಡೂದಿಲ್ಲ, ಮಾಳಿಗಿ ಮ್ಯಾಲ ಹಪ್ಪಳ ಒಣಗಸಾಕ ಹೋಗಿ ನೋಡತಾರ," ಅಂದಳು ಅವ್ವ. ಪಕ್ಕದಲ್ಲೇ 1494-95ರಲ್ಲಿ ಕಟ್ಟಿದ ದೊಡ್ಡ ಕಣಜವಿದೆ. ಈಗ ಅದು ಯೂತ್ ಹಾಸ್ಟೆಲ್.

ಬಾವಿ ಇರುವುದು ಅಂಗಳದ ಒಂದು ಸಣ್ಣ ಮನೆಯೊಳಗೆ. ಹೊರಗಿನಿಂದ ನೋಡಿದರೆ ಅಲ್ಲಿ ಏನೋ ಇದೆ ಅಂತಲೇ ಅನಿಸುವುದಿಲ್ಲ. ಗೈಡ್ ಬಂದು ಬಾಗಿಲು ತೆಗೆದು ನಮ್ಮನ್ನೆಲ್ಲ ಸುತ್ತ ನಿಲ್ಲಿಸಿದಳು. ಮರಳುಗಲ್ಲಿನ ಬಂಡೆಯೊಳಗೆ ಸುಮಾರು 50 ಮೀಟರ್ ಆಳಕ್ಕೆ, ಅಂದರೆ 160 ಫೂಟಿಗೂ ಹೆಚ್ಚು, ನೆಟ್ಟಗೆ ಕೊರೆದಿದ್ದಾರೆ. ಅವಳು ಹೂಜಿಯಿಂದ ನೀರು ಸುರಿದಳು. ಸದ್ದೇ ಇಲ್ಲ. ನನ್ನ ಪಕ್ಕದ ಪುಟ್ಟ ಹುಡುಗ ಜರ್ಮನ್ ಭಾಷೆಯಲ್ಲಿ ಎಣಿಸತೊಡಗಿದ. ಕೆಳಗಿನಿಂದ 'ಚಟಪಟ' ಅಂತ ಸದ್ದು ಎದ್ದಾಗ ಅವನ ಕಣ್ಣು ಇಷ್ಟಗಲ. ಆಮೇಲೆ ಹಗ್ಗಕ್ಕೆ ತಟ್ಟೆ ಕಟ್ಟಿ, ಅದರ ಮೇಲೆ ಮೇಣದಬತ್ತಿ ಹಚ್ಚಿಟ್ಟು ಇಳಿಬಿಟ್ಟರು. ಬೆಳಕು ಇಳಿದಂತೆಲ್ಲ ಗೋಡೆಯ ಮೇಲೆ ಉಳಿಯ ಗೆರೆಗಳು ಕಂಡು ಮಾಯವಾದವು. ದೀಪ ಸಣ್ಣದಾಗುತ್ತ ಆಗುತ್ತ ಸಾಸಿವೆ ಕಾಳಿನಷ್ಟಾಯಿತು.

ಅಪ್ಪನ ಪ್ರಶ್ನೆಗಳ ಸುರಿಮಳೆ ಶುರುವಾಯಿತು, ನಾನು ದುಭಾಷಿ. ನೀರು ಸಿಹಿಯೋ ಸವಳೋ? ಸೆಲೆ ಎಲ್ಲಿಂದ? ಮದ್ದು ಇಲ್ಲದೆ ಹೆಂಗ ಒಡೆದರು? ಮದ್ದಿಲ್ಲ, ಉಳಿ-ಸುತ್ತಿಗೆಯಲ್ಲೇ ಎಂದು ಗೈಡ್ ಹೇಳಿದಾಗ, "ಕಲ್ಲು ಮೆತ್ತಗ ಇರಬೇಕ ಬಿಡು. ನಮ್ಮ ಕರಿಕಲ್ಲಿನ್ಯಾಗ ಆಗತಿದ್ದಿಲ್ಲ," ಅಂದ. ಅದು ಖರೇ. ಮರಳುಗಲ್ಲಾದ್ದರಿಂದಲೇ ಈ ಗುಡ್ಡದ ಹೊಟ್ಟೆಯೆಲ್ಲ ನೆಲಮಾಳಿಗೆ. ಬಿಯರ್ ಮಾರುವವನಿಗೆ ಸ್ವಂತ ನೆಲಮಾಳಿಗೆ ಇರಲೇಬೇಕೆಂದು 1380ರಲ್ಲೇ ಊರ ಸಭೆ ಆಜ್ಞೆ ಹೊರಡಿಸಿತ್ತು. 1945ರ ಜನವರಿ 2ರ ಬಾಂಬ್ ದಾಳಿಯಲ್ಲಿ ಮೇಲಿನ ಹಳೇ ಪೇಟೆ ಬೂದಿಯಾದಾಗ, ಅಂಥ ಮಾಳಿಗೆಗಳಲ್ಲಿ ಮುಚ್ಚಿಟ್ಟಿದ್ದ ಶಿಲ್ಪ, ಚಿತ್ರಗಳು ಉಳಿದುಕೊಂಡವು. ಈಗ ನಾವು ನೋಡುವ ಮನೆಗಳಲ್ಲಿ ಬಹಳಷ್ಟು ಯುದ್ಧದ ನಂತರ ಎಬ್ಬಿಸಿದವು.

ನನ್ನ ಮಟ್ಟಿಗೆ ಇಡೀ ಕೋಟೆಯಲ್ಲಿ ನೋಡಲೇಬೇಕಾದದ್ದು ಈ ಬಾವಿಮನೆಯೇ. ಸಿಂಹಾಸನ, ಕತ್ತಿ, ಗುರಾಣಿ ಯಾವ ಮ್ಯೂಸಿಯಮ್ಮಿನಲ್ಲೂ ಸಿಗುತ್ತವೆ. ಗೋಡೆ ಎಷ್ಟೇ ದಪ್ಪ ಇದ್ದರೂ ಹೊರಗೆ ಶತ್ರು ತಿಂಗಳುಗಟ್ಟಲೆ ಠಾಣ್ಯ ಹೂಡಿದರೆ ಕೋಟೆಯನ್ನು ಉಳಿಸುವುದು ಕಣಜ ಮತ್ತು ಬಾವಿ. ಇದನ್ನೇ ಹೊರಗೆ ಬಂದು ಅಪ್ಪನಿಗೆ ಹೇಳಿದೆ. ಅವನು ಒಪ್ಪಲಿಲ್ಲ.

"ನಮ್ಮ ನರಗುಂದ ಗುಡ್ಡದ ಮ್ಯಾಲೂ ಹೊಂಡ ಅದಾವ. ನೀರಿಗೆ ಏನ ಕಡಿಮಿ ಇತ್ತು? ನೀರಿತ್ತು, ಕೋಟೆ ಇತ್ತು, ಮಂದಿ ಇರಲಿಲ್ಲ."

ಅವನು ಹೇಳಿದ್ದು 1858ರ ಮಾತು. ದತ್ತು ತೆಗೆದುಕೊಳ್ಳಲು ಇಂಗ್ಲಿಷರು ಒಪ್ಪಿಗೆ ಕೊಡದಿದ್ದಾಗ ನರಗುಂದದ ಬಾಬಾಸಾಹೇಬ ಭಾವೆ ತಿರುಗಿಬಿದ್ದ. ಮೇ ಕೊನೆಗೆ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ತಲೆ ಹೋಯಿತು. ಜೂನ್ ಮೊದಲ ವಾರದಲ್ಲೇ ಫೌಜು ಬಂದು ಕೋಟೆ ಹಿಡಿಯಿತು. ಮುತ್ತಿಗೆ ಅನ್ನುವಂಥದ್ದು ನಡೆಯಲೇ ಇಲ್ಲ. ಜೂನ್ 12ಕ್ಕೆ ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲಾಯಿತು. ಶಾಲೆಯಲ್ಲಿ ಓದಿದ್ದೇ ಇದು. ಆದರೆ ಆ ಗುಡ್ಡವನ್ನು ದಿನಾ ನೋಡುತ್ತ ಬೆಳೆದವನು ಇಲ್ಲಿ ನಿಂತು ಹೇಳಿದಾಗ ನನ್ನ ಹತ್ತಿರ ಎದುರು ಮಾತಿರಲಿಲ್ಲ. ನಮ್ಮಲ್ಲಿ ಆ ಗುಡ್ಡ ಹತ್ತಿದರೆ ಒಂದು ನೆಟ್ಟಗಿನ ಫಲಕವಾಗಲಿ, ಟಿಕೆಟ್ ಕೊಟ್ಟು ಕಥೆ ಹೇಳುವವರಾಗಲಿ ಇಲ್ಲವಲ್ಲ ಅನ್ನುವ ಸಿಟ್ಟು ಮಾತ್ರ ನನ್ನದು. ಇವರು ಒಂದು ಬಾವಿಗೆ ಹೂಜಿ ನೀರು ಸುರಿದು ಜಗತ್ತನ್ನೇ ಬಾಯಿ ಬಿಟ್ಟು ನಿಲ್ಲಿಸುತ್ತಾರೆ.

ಅಪ್ಪ-ಅವ್ವನನ್ನು ಕರೆದುಕೊಂಡು ಬರುವವರಿಗೆ ಒಂದೆರಡು ಮಾತು. ದಾರಿಯೆಲ್ಲ ಉರುಟು ಕಲ್ಲು ಹಾಸಿದ ಏರು, ಚಪ್ಪಲಿ ಬೇಡ, ಶೂ ಹಾಕಿಸಿ. ಮೊಣಕಾಲು ನೋವಿನವರನ್ನು ಗೋಪುರ ಹತ್ತಿಸಬೇಡಿ. ಹೊರಗಿನ ಕಟ್ಟೆಯಿಂದಲೇ ಇಡೀ ಊರು ಕಾಣುತ್ತದೆ, ಅದಕ್ಕೆ ಟಿಕೆಟ್ಟೂ ಬೇಡ. ಬಾವಿ ನೋಡಲು ಗೈಡ್ ಜೊತೆಗೇ ಹೋಗಬೇಕು, ಆದ್ದರಿಂದ ಮೊದಲು ಅದರ ಸಮಯ ಕೇಳಿಕೊಂಡು ಉಳಿದದ್ದನ್ನು ಆಮೇಲೆ ಹೊಂದಿಸಿಕೊಳ್ಳಿ. ತಿನ್ನಲು ಬುತ್ತಿ ಕಟ್ಟಿಕೊಂಡು ಹೋಗಿ. ಕೆಳಗಿನ ಪೇಟೆಯ ಹೆಸರುವಾಸಿ ತಿಂಡಿ ಬೆರಳುದ್ದದ ಹಂದಿ ಸಾಸೇಜು, ನಮ್ಮವ್ವನಂಥವರಿಗೆ ಅದರ ವಾಸನೆಯೇ ಸಾಕು. ನಾವು ರೊಟ್ಟಿ-ಶೇಂಗಾ ಚಟ್ನಿ ಬಿಚ್ಚಿ ಕುಳಿತಾಗ ಅಪ್ಪ ಮುಂದಿನ ಗುಂಪಿನವರ ಹಿಂದೆ ಮತ್ತೆ ಬಾವಿಮನೆಗೆ ಹೋಗಿದ್ದ, ಗೈಡಿಗೆ ಕೇಳುವುದು ಇನ್ನೂ ಇದೆಯಂತೆ, ಭಾಷೆ ಬಾರದಿದ್ದರೂ.