ಫಿಲ್ಟರ್‌ನ ಹೆಸರು ‘ಊಟ ಆದ್ಮೇಲೆ’

2019ರ ನವೆಂಬರ್‌ನಲ್ಲಿ ಭಾರತದಿಂದ ತುಂಬಾ ಜನ ಮಾಸ್ಟೊಡಾನ್‌ಗೆ, ಅಂದರೆ ಬೇರೆ ಬೇರೆಯವರು ನಡೆಸುವ ಸರ್ವರ್‌ಗಳು ಸೇರಿ ಆದ, ಟ್ವಿಟರ್‌ನಂಥ ಜಾಲತಾಣಕ್ಕೆ ಬಂದರು. ವಕೀಲ ಸಂಜಯ್ ಹೆಗ್ಡೆ ಅವರ ಖಾತೆಯನ್ನು ಟ್ವಿಟರ್ ತಡೆಹಿಡಿದಿದ್ದಕ್ಕೆ ಬಂದ ಸಿಟ್ಟು ಅದು. ರಾಜಕೀಯಕ್ಕಾಗಿಯೇ ಮನೆ ಬದಲಾಯಿಸಿದವರು ರಾಜಕೀಯ ಮಾತಾಡದೇ ಇರ್ತಾರಾ?

ನನಗೂ ಅಭಿಪ್ರಾಯಗಳಿವೆ, ಜಾಸ್ತಿಯೇ ಇವೆ. ಆದರೆ ಬೆಳಿಗ್ಗೆ ಕಾಫಿ ಹೊತ್ತಿಗೆ ಬೇಡ. ಅದಕ್ಕೇ, ನಾನು ಕೊಟ್ಟ ಪದಗಳಿರುವ ಪೋಸ್ಟ್‌ಗಳನ್ನು ಮುಚ್ಚಿಡುವ ಒಂದು ಫಿಲ್ಟರ್ ಮಾಡಿ ‘ಊಟ ಆದ್ಮೇಲೆ’ ಅಂತ ಹೆಸರಿಟ್ಟೆ. ಪಕ್ಷಗಳ ಹೆಸರು, ‘ಚುನಾವಣೆ’, ‘ಎಲೆಕ್ಷನ್’ ಎಲ್ಲ ಅದರೊಳಗೆ. ‘ಪೂರ್ತಿ ಪದ’ ಅನ್ನೋ ಟಿಕ್ ತೆಗೆದಿದ್ದೇನೆ, ಇಲ್ಲದಿದ್ದರೆ ‘ಚುನಾವಣೆಯಲ್ಲಿ’ ನುಸುಳಿಬಿಡುತ್ತದೆ. ಅವಧಿ ಒಂದು ವಾರ, ಆಮೇಲೆ ತಾನಾಗಿಯೇ ಮುಗಿಯುತ್ತದೆ. ಪೋಸ್ಟ್ ಪೂರ್ತಿ ಮಾಯವಾಗಲ್ಲ. ಅದರ ಜಾಗದಲ್ಲಿ ‘ಊಟ ಆದ್ಮೇಲೆ’ ಅಂತ ಒಂದು ಸಾಲು ಕೂತಿರುತ್ತದೆ, ಒತ್ತಿದರೆ ತೆರೆದುಕೊಳ್ಳುತ್ತದೆ. ಬರೆದವರಿಗೆ ಇದ್ಯಾವುದೂ ಗೊತ್ತಾಗುವುದಿಲ್ಲ.

ಹಕ್ಕಿ ಫೋಟೊ ಹಾಕುವ ಗೆಳೆಯನೊಬ್ಬನಿದ್ದಾನೆ. ಅವನ ಸ್ವಂತ ಪೋಸ್ಟ್ ಚಿನ್ನ, ಬೂಸ್ಟ್ ಮಾಡುವುದೆಲ್ಲ, ಅಂದರೆ ಬೇರೆಯವರ ಪೋಸ್ಟ್ ಹಂಚುವುದೆಲ್ಲ, ಬೈಗುಳ. ಅವನ ಬೂಸ್ಟ್‌ಗಳನ್ನಷ್ಟೇ ಅಡಗಿಸಿದ್ದೇನೆ. ಮಡಿವಾಳ ಹಕ್ಕಿ ಬರುತ್ತದೆ, ಬೈಗುಳ ಬರಲ್ಲ.

ಸರ್ವರ್ ನಡೆಸುವವರು ಇನ್ನೊಂದು ಸರ್ವರ್ ಜೊತೆಗಿನ ಸಂಪರ್ಕವನ್ನೇ ಕತ್ತರಿಸಿ ಹಾಕುವುದು ಬೇರೆ ವಿಷಯ. ದ್ವೇಷ, ಕಿರುಕುಳಕ್ಕೆ ಅದು ಬೇಕೇ ಬೇಕು. ಸುಮ್ನೆ ಅಭಿಪ್ರಾಯ ಹಿಡಿಸಲಿಲ್ಲ ಅಂತ ಹಾಗೆ ಮಾಡಿದರೆ ನಾನು ಗಂಟುಮೂಟೆ ಕಟ್ಟಿ ಬೇರೆ ಸರ್ವರ್‌ಗೆ ಹೋಗ್ತೇನೆ. ಹಿಂಬಾಲಕರನ್ನೂ ಜೊತೆಗೆ ಕರೆದೊಯ್ಯಲು ಇಲ್ಲಿ ದಾರಿಯಿದೆ.