ಸಿಟ್ಟಿನ ಹುಡುಗನ ಮಾತು ಯಾಕೆ ನೋಡ್ತೀರಿ?

"ನಮ್ಮ ಹುಡುಗಗ ಸಿಟ್ಟು ಭಾಳ ಐತ್ರಿ ಮೇಡಂ, ಸಾಲ್ಯಾಗ ಎಲ್ಲಾರನೂ ಹೊಡೀತಾನ. ನೀವ್ ನೋಡಿದ್ರ ಮಾತಿಂದ ಕೇಳಾಕತ್ತೀರಿ!" ಬೆಳಗಾವಿಯಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿರುವ ನನಗೆ ಈ ಪ್ರಶ್ನೆ ಮೇಲಿಂದ ಮೇಲೆ ಬರುತ್ತದೆ.

ಗೋಕಾಕ ಕಡೆಯ ಒಬ್ಬ ಹುಡುಗನಿದ್ದ. ಎರಡನೇ ತರಗತಿ. ಮಾತಾಡುತ್ತಿದ್ದ, ಹಾಗಾಗಿ ಮಾತಿನ ತೊಂದರೆ ಇದೆ ಅಂತ ಯಾರಿಗೂ ಅನಿಸಿರಲಿಲ್ಲ. "ಪಾಟಿ ಚೀಲದಾಗ ಇಟ್ಟು, ಪುಸ್ತಕ ತಗದು, ಹತ್ತನೇ ಪಾಠ ನೋಡ್ರಿ" ಅಂದರೆ ಪುಸ್ತಕ ಹಿಡಿದು ಸುಮ್ನೆ ಕೂರುತ್ತಿದ್ದ. ಉಳಿದದ್ದು ತಲೆಯಲ್ಲಿ ನಿಂತಿರುತ್ತಿರಲಿಲ್ಲ. ಶಾಲೆಯಲ್ಲಿ ಅದಕ್ಕೆ ಹಟ ಅಂದರು. ಆಟದ ಬಯಲಿನಲ್ಲಿ ಇನ್ನೂ ಕಷ್ಟ. ಜಗಳವಾದರೆ ಎದುರಿನ ಹುಡುಗ ಓಡಿಹೋಗಿ ಪಟಪಟ ಹೇಳಿಬಿಡುತ್ತಿದ್ದ. ಇವನಿಗೆ ಯಾರು ಮೊದಲು ದೂಡಿದರು, ಆಮೇಲೆ ಏನಾಯಿತು ಅಂತ ಸಾಲಾಗಿ ಹೇಳಲು ಬರುತ್ತಿರಲಿಲ್ಲ. ಏಟು ತಿಂದವನೂ ಇವನೇ, ಬೈಸಿಕೊಂಡವನೂ ಇವನೇ. ಕೊನೆಗೆ ಹೇಳುವುದನ್ನೇ ಬಿಟ್ಟು ಕೈ ಎತ್ತತೊಡಗಿದ.

ಇವನ ಹಾಗೆ ಕಿವಿ, ಬುದ್ಧಿ ಸರಿಯಿದ್ದೂ ಭಾಷೆ ವಯಸ್ಸಿಗೆ ತಕ್ಕಂತೆ ಬೆಳೆಯದ ಮಕ್ಕಳು 100ರಲ್ಲಿ ಸುಮಾರು 7 ಮಂದಿ. 2014ರಲ್ಲಿ ಸಂಶೋಧಕರು 22 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಭಾವನೆ, ನಡವಳಿಕೆಯ ತೊಂದರೆ ಇದ್ದ, ಭಾಷೆಯನ್ನು ಯಾರೂ ಅನುಮಾನಿಸಿರದ ಮಕ್ಕಳವು. ಅವರಲ್ಲಿ 100ಕ್ಕೆ 81 ಮಂದಿಯ ಭಾಷೆ ಸರಾಸರಿಗಿಂತ ಕೆಳಗಿತ್ತು. ಎಲ್ಲ ಸಿಟ್ಟಿಗೂ ಭಾಷೆಯೇ ಕಾರಣ ಅಂತಲ್ಲ. ಆದರೆ ಇದನ್ನು ನೋಡದೆ ಮಗುವಿಗೆ ಹಟಮಾರಿ ಅನ್ನುವುದು ಅನ್ಯಾಯ.

ಹೊಡೆಯುವವನನ್ನಾದರೂ ಕರೆತರುತ್ತಾರೆ. ಮೂಲೆ ಹಿಡಿದು ಕೂರುವ ಹುಡುಗಿಯನ್ನು "ಶಾಣ್ಯಾಕಿ, ಗದ್ದಲ ಮಾಡಂಗಿಲ್ಲ" ಅಂತ ಹೊಗಳುತ್ತಾರೆ. ಕೇಳಿದ್ದು ಅರ್ಥವಾಗದೆ ಹೆದರಿ ಕೂತಿರಬಹುದು ಅಲ್ವಾ? ನನಗೆ ಅವಳ ಚಿಂತೆಯೇ ಜಾಸ್ತಿ.

ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಇರುವುದರಿಂದ ಈ ಭಾಷೆಯ ತೊಂದರೆ ಬರುವುದಿಲ್ಲ. ತೊಂದರೆ ಇದ್ದರೆ ಎರಡರಲ್ಲೂ ಕಾಣುತ್ತದೆ. ಮನೆಮಾತು ಬಿಡಿಸಬೇಡಿ.

ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮಕ್ಕಳ ಆರೋಗ್ಯ ತಪಾಸಣೆ ಮಾಡುವ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೋ ಸರ್ಕಾರಿ ಶಾಲೆಗೋ ಬಂದಾಗ ಮಾತಿನ ವಿಷಯವನ್ನೂ ಹೇಳಿ. ಮನೆಯಲ್ಲಿ ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಜಗಳವಾದ ಮೇಲೆ "ಯಾಕೆ ಹೊಡೆದೆ?" ಅನ್ನಬೇಡಿ, ಅದಕ್ಕೆ ಉದ್ದ ಉತ್ತರ ಬೇಕು. "ಅವನು ಚೆಂಡು ಕಸಿದುಕೊಂಡನಾ?" ಅಂತ ಕೇಳಿ. ತಲೆಯಾಡಿಸಿದರೂ ಸಾಕು.

ಆ ಹುಡುಗನ ಅವ್ವ ತಿಂಗಳುಗಟ್ಟಲೆ ಹೀಗೆ ಕೇಳಿದಳು. ಒಂದು ಸಂಜೆ ಅವನು ತಾನಾಗಿ ಬಂದು ಹೇಳಿದನಂತೆ: "ಅವ್ವಾ, ಅಂವ ಮೊದಲ ದೂಡಿದ. ಆಮ್ಯಾಲ ನಾ ಹೊಡದೆ."